ಏಣಿ ನಡೆಯುವ ದಾರಿ

ಮೆಣಸು ಕೊಯ್ಯುವ ಕಾಲದಲ್ಲಿ ನಮ್ಮ ತೋಟದ ಏಣಿಗಳು ನಡೆಯುತ್ತವೆ. ಕಣದಲ್ಲಿ ನಿಂತು ನೋಡಿದರೆ ಏಣಿ ಹೊತ್ತವರು ಕಾಣುವುದಿಲ್ಲ, ಕಾಫಿ ಗಿಡಗಳು ಅವರನ್ನು ಮುಚ್ಚಿರುತ್ತವೆ. ಗಿಡಗಳ ಹಸಿರಿನ ಮೇಲೆ ಇಪ್ಪತ್ತೆಂಟು ಅಡಿಯ ಬಿದಿರೊಂದು ನೆಟ್ಟಗೆ ನಿಂತುಕೊಂಡು, ಮೆಣಸಿನ ಬಳ್ಳಿ ಹಬ್ಬಿಸಿದ ಒಂದು ಸಿಲ್ವರ್ ಮರದಿಂದ ಇನ್ನೊಂದು ಸಿಲ್ವರ್ ಮರಕ್ಕೆ ತಾನೇ ಹೊರಟಂತೆ ತೂಗುತ್ತ ಹೋಗುತ್ತದೆ. ಚಿಕ್ಕವಳಿದ್ದಾಗ ಅದನ್ನು ನೋಡುತ್ತ ಬಾಯಿ ತೆರೆದು ನಿಲ್ಲುತ್ತಿದ್ದೆ. ಈಗಲೂ ನಿಲ್ಲುತ್ತೇನೆ, ಬಾಯಿ ಮಾತ್ರ ಮುಚ್ಚಿರುತ್ತದೆ.

ಏಣಿಯನ್ನು ಮಲಗಿಸಿ ಒಯ್ಯುವ ಪದ್ಧತಿ ತೋಟದೊಳಗೆ ಇಲ್ಲ. ಮೆಣಸಿನ ಕೊಯ್ಲೆಂದರೆ ಕಾಫಿ ಮೊಗ್ಗು ಕಟ್ಟುವ ಕಾಲ. ಅಷ್ಟುದ್ದದ ಏಣಿ ಅಡ್ಡಬಿದ್ದರೆ ಹತ್ತು ಗಿಡದ ರೆಂಬೆ ಮುರಿಯುತ್ತದೆ, ಮುಂದಿನ ವರ್ಷದ ಹಣ್ಣು ಅಲ್ಲಿಗೇ ಮುಗಿಯಿತು. ಹಾಗಾಗಿ ಬೆಳಿಗ್ಗೆ ಎದ್ದು ನಿಂತ ಏಣಿ ಮಲಗುವುದು ಸಂಜೆಗೇ. ಹೊರುವವರು ನೆಲ ನೋಡುವುದಿಲ್ಲ. ಕಣ್ಣು ಏಣಿಯ ತುದಿಯಲ್ಲಿರುತ್ತದೆ, ಕಾಲು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಗುರುತ್ವ ಕೇಂದ್ರದ ಬಗ್ಗೆ ವರ್ಷಕ್ಕೆ ನಾಲ್ಕು ಪಾಠ ಮಾಡುವ ನಾನು ಹತ್ತು ಹೆಜ್ಜೆ ಹೊತ್ತರೆ ಏಣಿ ಒಂದು ಕಡೆ, ನಾನು ಒಂದು ಕಡೆ.

ಪಾಠ ಮಾಡುವುದು ಗೋಣಿಕೊಪ್ಪದ ಒಂದು ಕಾಲೇಜಿನಲ್ಲಿ. ಯಾವ ವಸ್ತುವನ್ನು ಯಾವುದರಿಂದ ಮಾಡಬೇಕು, ಅದು ಎಷ್ಟು ಕಾಲ ಬಾಳುತ್ತದೆ, ಬಾಳಿ ಮುಗಿದ ಮೇಲೆ ಭೂಮಿಗೆ ಹೊರೆಯಾಗದೆ ಎಲ್ಲಿಗೆ ಹೋಗುತ್ತದೆ ಎನ್ನುವುದು ನನ್ನ ವಿಷಯ. ಮನೆ ಕುಶಾಲನಗರದಿಂದ ಮೇಲಕ್ಕೆ, ಕಾಫಿ ಶುರುವಾಗುವ ಜಾಗದಲ್ಲಿ. ನಮ್ಮ ತಾತ ಹಾಸನದ ಕಡೆಯಿಂದ ಬಂದು ನೆಲೆ ನಿಂತವರು. ನನ್ನನ್ನು ಸಾಕಿದವರು ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಚಿಕ್ಕಪ್ಪನಿಗೆ ಅರವತ್ತು ದಾಟಿದ್ದರೂ ಮೆಣಸಿನ ಮರ ಹತ್ತುವುದನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ. ಬಳ್ಳಿ ನೆಟ್ಟವನೇ ಕೊಯ್ಯಬೇಕು ಎಂದು ಅವರೇ ಮಾಡಿಕೊಂಡ ಕಾನೂನು.

ಕೆಲವು ವರ್ಷಗಳ ಹಿಂದೆ ಅವರ ಮೊಣಕಾಲು ಕೈಕೊಟ್ಟಿತು. ಏಣಿಯೂ ಕೈಕೊಟ್ಟಿತು. ದುಬಾರೆ ಕಡೆಯ ಕಾಡಿನ ಬಿದಿರು ಅದಕ್ಕೂ ಹತ್ತು ಹನ್ನೆರಡು ವರ್ಷ ಮುಂಚೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಸತ್ತಿತ್ತು. ಬೆಟ್ಟಕ್ಕೆ ಬೆಟ್ಟವೇ ಒಣಗಿ ನಿಂತಿದ್ದನ್ನು ನೋಡಿದವರು ಮರೆಯಲಾರರು. ಆಮೇಲೆ ಪೇಟೆಯಲ್ಲಿ ಸಿಗುತ್ತಿದ್ದದ್ದು ಎಳೆಯ ಬಿದಿರು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಳ ಹಿಡಿದು ಹಿಟ್ಟು ಉದುರುತ್ತಿತ್ತು. ಇದ್ದ ಒಂದು ಹಳೆಯ ಏಣಿ ಭಾರ, ಅದನ್ನು ಹೊರಲು ಇಬ್ಬರು ಬೇಕು.

“ಚಿಕ್ಕಪ್ಪಾ, ನಿನಗೆ ನಾನು ಏಣಿ ಮಾಡಿಕೊಡ್ತೀನಿ” ಎಂದೆ.

ಚಿಕ್ಕಮ್ಮ ನಕ್ಕರು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಮ್ಮುಡುಗೀಗೆ ಎಲ್ಡೂ ಮುಕ್ಕಾಲು ಕಣ್ರೀ. ಮಾಡಿಸ್ಕಳಿ.”

ಮಾಡಿದೆ. ಮಕ್ಕಳಿಗೆ ಕಲಿಸುವ ಹಾಗೆ ಮೊದಲು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ಒಂದೊಂದು ಗುಣಕ್ಕೆ ಒಂದೊಂದು ಮನೆ ಬರೆದೆ. ತೂಕ, ಬಲ, ತುಕ್ಕು, ಬೆಲೆ, ಆಯುಸ್ಸು, ಸತ್ತ ಮೇಲಿನ ಗತಿ. ಕಬ್ಬಿಣ ಮೊದಲ ಸುತ್ತಿನಲ್ಲೇ ಸೋತಿತು, ನಮ್ಮ ಮಳೆಗೆ ಅದು ಮೂರು ವರ್ಷದ ಅತಿಥಿ. ಫೈಬರ್ ಗ್ಲಾಸ್ ಹಗುರ, ಗಟ್ಟಿ, ಆದರೆ ಹಳೆಯದಾದರೆ ಕರಗಿಸಲು ಬರುವುದಿಲ್ಲ, ಕೊಳೆಯುವುದೂ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಹಿತ್ತಲಿನಲ್ಲಿ ಬಿದ್ದಿರುತ್ತದೆ. ಬಿದಿರಿಗೆ ನಾನು ಕಡಿಮೆ ಅಂಕ ಕೊಟ್ಟೆ. ಒಂದು ಗಳ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ, ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಪಕ್ಕದಲ್ಲಿ ಷರಾ ಬೇರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಅಲ್ಯೂಮಿನಿಯಂ ಎಲ್ಲ ಮನೆಯಲ್ಲೂ ಗೆದ್ದಿತು. ಹಗುರ, ತುಕ್ಕಿಲ್ಲ, ಎಷ್ಟು ಸಲ ಬೇಕಾದರೂ ಕರಗಿಸಿ ಹೊಸದು ಮಾಡಬಹುದು.

ವಿದ್ಯುತ್ತಿಗೂ ಒಂದು ಮನೆ ಇತ್ತು. ಅದರಲ್ಲಿ ನಾನು ಬರೆದದ್ದು, “ಅನ್ವಯಿಸುವುದಿಲ್ಲ.”

ಗೊತ್ತಿಲ್ಲದೆ ಬರೆದದ್ದಲ್ಲ, ಅದೇ ನನಗೆ ಇವತ್ತಿಗೂ ನಾಚಿಕೆ. ಲೋಹದ ಏಣಿ ಕರೆಂಟು ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಆಗಾಗ ಬರುತ್ತದೆ. ನಾನೂ ಓದಿದ್ದೆ, ಅಯ್ಯೋ ಎಂದಿದ್ದೆ. ನಮ್ಮ ತೋಟದ ನಡುವೆಯೂ ಒಂದು ದೊಡ್ಡ ಲೈನು ಹಾದುಹೋಗುತ್ತದೆ. ಆದರೆ ಅದರ ಕೆಳಗೆ ಮೆಣಸಿನ ಮರ ಒಂದೂ ಇಲ್ಲ, ಇದ್ದವನ್ನು ಎಂದೋ ಕಡಿದಿದ್ದಾರೆ. ಮರವಿಲ್ಲದ ಕಡೆ ಏಣಿ ಯಾಕೆ ಹೋಗುತ್ತದೆ? ಮರಕ್ಕೆ ಒರಗಿ ನಿಂತ ಏಣಿಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿದ್ದೆ. ಹುಟ್ಟಿದಾಗಿನಿಂದ ನೋಡಿ ಬೆರಗಾಗಿದ್ದ, ನಡೆಯುವ ಏಣಿ ನನ್ನ ಹಾಳೆಗೆ ಬರಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ.

ಏಣಿ ಚೆಂದ ಬಂದಿತ್ತು. ಒಂದೇ ಕಂಬ, ಎರಡೂ ಬದಿಗೆ ಮೆಟ್ಟಿಲು, ಬಿದಿರಿನ ಏಣಿಯದೇ ಆಕಾರ. ಚಿಕ್ಕಪ್ಪ ಒಂದು ಕೈಯಲ್ಲಿ ಎತ್ತಿ ನೋಡಿ, “ಇದೇನ್ ಮಗಾ, ಒಳಗೇನೂ ಇಲ್ವಾ?” ಎಂದರು. ಮೊದಲ ವಾರವೇ ಒಬ್ಬರೇ ಹೊತ್ತು ತಿರುಗಲು ಶುರು ಮಾಡಿದರು. ಮೊಣಕಾಲಿನ ನೋವನ್ನು ಮರೆತವರಂತೆ ಕಂಡರು. ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಂದು ನೋಡಿ, ತಮ್ಮ ತೋಟಕ್ಕೆ ಅಂಥದ್ದೇ ಹತ್ತು ಬೇಕು ಎಂದು ಹೇಳಿಹೋದರು. ನನಗೆ ಎರಡು ಕೋಡು ಮೂಡಿದವು.

ಶಿವರಾತ್ರಿ ಕಳೆದಿತ್ತು. ಒಂದು ಶನಿವಾರ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಕಣದಲ್ಲಿ ಮೆಣಸು ಹರಡುತ್ತಿದ್ದೆ. ಕಾಫಿ ಗಿಡಗಳ ಮೇಲೆ ನನ್ನ ಏಣಿಯ ತುದಿ ಬಿಸಿಲಿಗೆ ಹೊಳೆಯುತ್ತ ಹೊರಟಿತ್ತು. “ನೋಡು ಚಿಕ್ಕಮ್ಮಾ, ಹೇಗೆ ಓಡ್ತಿದೆ!” ಎಂದು ಕೈಯಾಡಿಸುವುದನ್ನೂ ಬಿಟ್ಟು ನಿಂತೆ.

ಭಾರದ ಬಿದಿರಿನ ಏಣಿ ಇದ್ದಾಗ ಮೇಲಿನ ತೋಟದಿಂದ ಕೆಳಗಿನ ತೋಟಕ್ಕೆ ಹೋಗಬೇಕಾದರೆ ಹೊರುವ ಇಬ್ಬರೂ ಅದನ್ನು ಜೀಪಿನ ರಸ್ತೆಗೆ ತಂದು, ಅಲ್ಲಿ ಹೆಗಲ ಮೇಲೆ ಮಲಗಿಸಿ, ಸುತ್ತು ಹೊಡೆದು ಒಯ್ಯುತ್ತಿದ್ದರು. ಅಷ್ಟು ದೂರ ನಿಲ್ಲಿಸಿಕೊಂಡು ಹೋಗಲು ತೋಳು ತಡೆಯುತ್ತಿರಲಿಲ್ಲ. ಈಗ ಏಣಿ ಹಗುರ. ಚಿಕ್ಕಪ್ಪ ಸುತ್ತು ಯಾಕೆಂದು ನೇರ ದಾರಿ ಹಿಡಿದಿದ್ದರು. ನೇರ ದಾರಿಯ ನಡುವೆ ಲೈನು.

ಹೊಳೆಯುವ ತುದಿಯ ಹಿಂದೆ ಮೂರು ತಂತಿ ಕಂಡವು. ತುದಿ ಅವುಗಳಿಗಿಂತ ಎತ್ತರದಲ್ಲಿತ್ತು.

ಓಡಿದೆ. ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೂಗುತ್ತಿದ್ದೇನೆ ಅಂದುಕೊಂಡೆ, ಆದರೆ ಬಾಯಿಂದ ದನಿ ಬರುತ್ತಿರಲಿಲ್ಲ ಎಂದು ಆಮೇಲೆ ಚಿಕ್ಕಮ್ಮ ಹೇಳಿದರು. ಗಿಡಗಳ ಸಾಲಿನಲ್ಲಿ ನುಗ್ಗಿ ಅವರನ್ನು ಮುಟ್ಟುವಷ್ಟರಲ್ಲಿ ಏಣಿ ನಿಂತಿತ್ತು. ಅಂಚಿನ ಸಿಲ್ವರ್ ಮರದ ಒಂದು ಕೊಂಬೆ ಕವಲೊಡೆದು ಲೈನಿನ ಕಡೆ ಚಾಚಿತ್ತು. ಏಣಿಯ ಕಂಬ ಆ ಕವಲಿನೊಳಗೆ ಸಿಕ್ಕಿಕೊಂಡಿತ್ತು. ಕಂಬಕ್ಕೂ ತಂತಿಗೂ ನಡುವೆ ಒಂದು ಗೇಣು. ಚಿಕ್ಕಪ್ಪ ಕತ್ತು ಎತ್ತಿ, ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಏಣಿಯನ್ನು ಮುಂದಕ್ಕೆ ಜಗ್ಗುತ್ತಿದ್ದರು.

“ನಿಲ್ಲು ಚಿಕ್ಕಪ್ಪಾ! ಅಲ್ಲಾಡಬೇಡ!”

“ಯಾಕವ್ವಾ? ಬಳ್ಳಿ ತಗಲಾಕ್ಕಂಡೈತೆ. ಇನ್ನೊಂದ್ ಸಲ ಜಗ್ಗಿದ್ರೆ ಬಿಡ್ತದೆ.”

“ಜಗ್ಗಬೇಡ. ಕೈ ಬಿಡು!”

“ಏಣಿ ಕೈ ಬಿಡಾದಾ?” ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಬಿದ್ರೆ ಗಿಡ ಏನಾಗ್ಬೇಕು?”

ಏಣಿ ಹೊತ್ತವನು ಏನೇ ಆದರೂ ಕೈ ಬಿಡಬಾರದು, ಅವರು ಬೆಳೆದದ್ದೇ ಹಾಗೆ. ವಿವರಿಸುವಷ್ಟು ಉಸಿರು ನನಗಿರಲಿಲ್ಲ. ಅವರ ಕೈಯ ಕೆಳಗೆ ನಾನೂ ಕಂಬ ಹಿಡಿದೆ. ಹಿಡಿಯುವಾಗ ಏನು ಹಿಡಿಯುತ್ತಿದ್ದೇನೆಂದು ಗೊತ್ತಿತ್ತು, ತಾಗಿದರೆ ಇಬ್ಬರೂ ಹೋಗುತ್ತೇವೆಂದೂ ಗೊತ್ತಿತ್ತು. ಹಿಂದೆ, ಹಿಂದೆ ಎನ್ನುತ್ತ ಒಂದೊಂದೇ ಹೆಜ್ಜೆ ಸರಿದೆವು. ಲೈನಿನಿಂದ ಸಾಕಷ್ಟು ದೂರ ಬಂದ ಮೇಲೆ ನಾನು ಬಲವಂತದಿಂದ ಏಣಿಯನ್ನು ಕಾಫಿಯ ಮೇಲೆಯೇ ಮಲಗಿಸಿದೆ. ರೆಂಬೆಗಳು ಪಟಪಟ ಮುರಿದವು.

ಚಿಕ್ಕಪ್ಪ ಮುರಿದ ರೆಂಬೆಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಲೆ ಎತ್ತಿ ಮೇಲೆ ನೋಡಿದರು.

“ತಂತಿಗೆ ತುಂಬಾ ದೂರ ಇತ್ತು ಬಿಡು. ನಾನೇ ಸುಮ್ಮನೆ ಗಾಬರಿಯಾದೆ” ಎಂದೆ.

“ಹೂಂ” ಎಂದರು. ಬಗ್ಗಿ, ಮೊಗ್ಗಿದ್ದ ಒಂದು ರೆಂಬೆಯನ್ನು ಎತ್ತಿಕೊಂಡು ಮನೆಯ ಕಡೆ ನಡೆದರು.

ಯಾಕೆ ಸುಳ್ಳು ಹೇಳಿದೆ? ನಾನು ಮಾಡಿದ ವಸ್ತು ನನ್ನ ಚಿಕ್ಕಪ್ಪನನ್ನು ಕೊಲ್ಲುತ್ತಿತ್ತು ಎಂಬ ಮಾತನ್ನು ಅವರ ಮುಖ ನೋಡಿಕೊಂಡು ಹೇಳುವ ಧೈರ್ಯ ಇರಲಿಲ್ಲ. ಬೇರೆಯವರ ಮುಂದೆ ಬಾಯಿ ಬಿಟ್ಟೆ. ಮಾರನೆಯ ದಿನವೇ ಅಮ್ಮತ್ತಿಗೆ ಹೋಗಿ ರೈಟರಿಗೆ, “ಏಣಿ ಮಾಡಿಕೊಡಲ್ಲ, ನೀವೂ ಬೇರೆ ಕಡೆ ಮಾಡಿಸಬೇಡಿ” ಎಂದು ಕಾರಣ ಸಮೇತ ಹೇಳಿದೆ. ಅವರು, “ನಮ್ಮ ಕೆಲಸದವರ ಲೈನ್ ಮನೆಗಳ ಹಿಂದೆನೇ ತಂತಿ ಹೋಗಿದೆ ಮೇಡಂ. ಬಂದು ಹೇಳಿದ್ರಲ್ಲ, ದೇವ್ರು ಒಳ್ಳೇದು ಮಾಡ್ಲಿ” ಎಂದರು. ಆ ಹಾರೈಕೆಯನ್ನು ಹೊತ್ತುಕೊಂಡು ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ತಿರುಗಿ ಅತ್ತೆ.

ಆ ಏಣಿಯನ್ನು ನಾಲ್ಕು ತುಂಡು ಮಾಡಿಸಿದೆ. ಒಂದು ಚಿಕ್ಕಮ್ಮನ ಅಟ್ಟಕ್ಕೆ ಆಯಿತು, ಉಳಿದವು ಗಿಡಗಳ ನೆತ್ತಿಯ ಕೊಯ್ಲಿಗೆ. ಇವತ್ತಿಗೂ ಒಂದು ಚೂರೂ ಮಾಸಿಲ್ಲ. ಅಲ್ಯೂಮಿನಿಯಂ ಏನೂ ತಪ್ಪು ಮಾಡಿರಲಿಲ್ಲ, ಅದಕ್ಕೆ ಹೇಳಬಾರದ ಕೆಲಸ ಹೇಳಿದವಳು ನಾನು.

ಆಮೇಲೆ ಒಂದು ದಿನ ಚಿಕ್ಕಪ್ಪ ನನ್ನನ್ನು ತೋಟದ ಕೆಳಗೆ ಹರಿಯುವ ತೋಡಿನ ದಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಮ್ಮದೇ ಒಂದು ಬಿದಿರು ಮೆಳೆ ಇತ್ತು. ಅದನ್ನು ನಾನು ನೋಡಿರಲಿಲ್ಲವೆಂದಲ್ಲ, ನೋಡುತ್ತಲೇ ಇದ್ದೆ. ಕಾಡಿನ ಬಿದಿರು ಸತ್ತ ವರ್ಷ ಊರಿನವರೆಲ್ಲ ಬಿದಿರಕ್ಕಿ ತಂದು ಪಾಯಸ ಮಾಡಿದರು, ನಮ್ಮ ಮನೆಯಲ್ಲೂ ಮಾಡಿದರು. ಚಿಕ್ಕಪ್ಪ ಮಾತ್ರ ಒಂದು ಹಿಡಿ ತೆಗೆದಿಟ್ಟು ಬಿತ್ತಿದ್ದರಂತೆ. ಬಿತ್ತಿದ್ದು ಏಣಿಯಾಗುವಷ್ಟರಲ್ಲಿ ತಾನು ಮರ ಹತ್ತುತ್ತೇನೋ ಇಲ್ಲವೋ ಎಂದು ಯೋಚಿಸಲೇ ಇಲ್ಲವೇ ಎಂದು ಕೇಳಿದೆ. “ಮರ ಇರ್ತದಲ್ಲ, ಯಾರಾನ ಹತ್ತಲೇಬೇಕು” ಎಂದರು.

ಗಳಗಳ ಬುಡದಲ್ಲಿ ಬಿಳಿ ಗೀರುಗಳಿದ್ದವು. ಎಲೆಯಡಿಕೆಯ ಸುಣ್ಣ. ಮಳೆಗಾಲದಲ್ಲಿ ಎದ್ದ ಹೊಸ ಗಳಕ್ಕೆ ಕತ್ತಿಯ ಮೊನೆಯಿಂದ ಒಂದು ಗೀರು ಎಳೆದು ಸುಣ್ಣ ತಿಕ್ಕುತ್ತಾರೆ. ಮಾರನೆಯ ವರ್ಷ ಅದರ ಪಕ್ಕ ಇನ್ನೊಂದು.

“ಒಂದ್ ಗೀರಿಂದು ಕೂಸು. ಎಲ್ಡರದ್ದು ಹುಡುಗ್ ಬುದ್ಧಿ, ನಂಬಂಗಿಲ್ಲ. ಮೂರು ದಾಟಿದ್ರೆ ಸಂಸಾರಕ್ಕೆ ಆಯ್ತದೆ” ಎಂದು ಕತ್ತಿಯ ಬೆನ್ನಿನಿಂದ ಗಳಕ್ಕೆ ಬಡಿದರು. ಕಿವಿ ಇಟ್ಟು ಕೇಳಿದರು. ಮೂರು ಗೀರಿನದೊಂದನ್ನು ಬಿಟ್ಟು ಮುಂದೆ ಹೋದರು, ಅದರ ನಾಲ್ಕನೆಯ ಗೆಣ್ಣಿನ ದನಿ ಸರಿಯಿಲ್ಲವಂತೆ. ನನಗೆ ಎಲ್ಲ ದನಿಯೂ ಒಂದೇ. ಕೊನೆಗೆ ನಾಲ್ಕು ಗೀರಿನ ಒಂದನ್ನು ಒಪ್ಪಿ, ಮಳೆ ಪೂರ್ತಿ ನಿಂತ ಮೇಲೆ, ಅಮಾವಾಸ್ಯೆಗೆ ಹತ್ತಿರದ ದಿನ ಕಡಿದರು. ಚಂದ್ರನ ವಿಷಯ ನನಗೆ ಇನ್ನೂ ಗೊತ್ತಿಲ್ಲ. ಋತುವಿನ ವಿಷಯ ಗೊತ್ತು. ಆ ಕಾಲಕ್ಕೆ ಗಳದೊಳಗೆ ಹುಳಕ್ಕೆ ಬೇಕಾದ ಸಿಹಿ ಕಡಿಮೆ. ಉಳಿದ ಸಿಹಿ ಹೋಗಲೆಂದು ತೋಡಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರು, ಆಮೇಲೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದರು, ಕೊನೆಗೆ ಬಚ್ಚಲು ಒಲೆಯ ಹೊಗೆ ಬರುವ ಮಾಡಿನಡಿಗೆ ತೂಗುಹಾಕಿದರು. ಒಂದು ಏಣಿಗೆ ಇಷ್ಟು ತಿಂಗಳೇ ಎಂದು ಅವಸರಪಟ್ಟವಳು ನಾನೊಬ್ಬಳೇ.

ಕತ್ತರಿಸಿ ಉಳಿದ ತುದಿಯಿಂದ ಒಂದು ಬಿಲ್ಲೆ ಕೊಯ್ದು ಕಾಲೇಜಿಗೆ ಒಯ್ದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವಳು ಕುರ್ಚಿಯಿಂದ ಏಳಲಿಲ್ಲ. ನಾರುಗಳೆಲ್ಲ ಹೊರ ಅಂಚಿನಲ್ಲಿ ಒತ್ತೊತ್ತಾಗಿ ನಿಂತಿದ್ದವು, ಒಳಗೆ ಹೋದ ಹಾಗೆ ವಿರಳ, ನಡುವೆ ಏನೂ ಇಲ್ಲ. ಬಾಗುವ ಕಂಬದಲ್ಲಿ ಬಲ ಬೇಕಾದದ್ದು ಹೊರಗೆ, ನಡುವಿನಲ್ಲಿ ಹಾಕಿದ್ದು ವ್ಯರ್ಥ ಎಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದು ಹುಲ್ಲು ಅದನ್ನು ಯಾರ ಪಾಠವೂ ಇಲ್ಲದೆ ಮಾಡಿ ಮುಗಿಸಿತ್ತು. ಭಾರ ಹೆಚ್ಚು ಬೀಳುವ ಬುಡದಲ್ಲಿ ಗೆಣ್ಣುಗಳು ಹತ್ತಿರ ಹತ್ತಿರ, ಮೇಲೆ ದೂರ ದೂರ. ಲೆಕ್ಕಕ್ಕೆ ಸಿಗುವುದಿಲ್ಲ ಎಂದು ನಾನು ಷರಾ ಬರೆದಿದ್ದೆನಲ್ಲ, ಅದು ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಅಷ್ಟೆ. ಎದೆ ತುಂಬಿ ಬಂತು. ಕೈಮುಗಿಯಬೇಕೆನಿಸಿತು, ಪಕ್ಕದಲ್ಲಿ ಅಟೆಂಡರ್ ಇದ್ದರೆಂದು ಸುಮ್ಮನಾದೆ.

ನಾನೂ ಏನೋ ಸೇರಿಸಿದೆ. ಏಣಿಯ ಬುಡಕ್ಕೆ ಹಳೆಯ ಟೈರಿನ ಬೂಟು ಮಾಡಿ ಹಾಕಿದೆ, ಜಾರುವುದಿಲ್ಲ, ನೆಲದ ತೇವ ಏರುವುದಿಲ್ಲ. ಎರಡು ಕೊಯ್ಲಿಗೆ ಬಾಳಿದರೆ ಸಾಕು, ಹಗುರವಿರಲಿ ಎಂದು ತೆಳ್ಳನೆಯ ಗಳವನ್ನೇ ಆರಿಸುವಂತೆ ಹಟ ಮಾಡಿದ್ದೆ. ಹಳತಾದರೆ ಒಲೆಗೆ, ಮೆಳೆಯಲ್ಲಿ ಹೊಸದು ಇದ್ದೇ ಇದೆ. ಆದರೂ ಬಿದಿರಿಗೆ ಬಂದೆವು, ಇನ್ನು ಭಯವಿಲ್ಲ ಎಂದು ಹೇಳುವ ಹಾಗಿಲ್ಲ. ಹಸಿಯಾದರೆ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ, ಅದೂ ಕೊಲ್ಲುತ್ತದೆ. ಕಾಫಿ ಅರಳಿಸುವ ಹೂಮಳೆ ಬಿದ್ದ ಮೇಲೆ ಎರಡು ದಿನ ಏಣಿಯನ್ನು ತೋಟಕ್ಕೆ ಇಳಿಸಬಾರದು ಎಂಬ ಚಿಕ್ಕಪ್ಪನ ನಿಯಮವನ್ನು ಬರೀ ಜಾರುತ್ತದೆಂದು ಮಾಡಿದ್ದು ಅಂದುಕೊಂಡಿದ್ದೆ, ಅದರ ಇನ್ನೊಂದು ಉಪಯೋಗ ಈಗ ಹೊಳೆಯಿತು. ಲೈನಿನ ಹತ್ತಿರ ಯಾವ ಏಣಿಯೇ ಆಗಲಿ ನಿಂತುಕೊಂಡು ಹೋಗಲೇಬಾರದು, ಮಲಗಿಸಲು ಅಲ್ಲಿ ಜಾಗ ಬೇಕು ಎಂದು ಅವರನ್ನು ಹೇಗೆ ಕೇಳುವುದೆಂದು ಯೋಚಿಸುತ್ತಿದ್ದೆ. ಕೇಳಿದರೆ ಆವತ್ತಿನ ಸುಳ್ಳು ಹೊರಬರುತ್ತದೆ.

ಕೇಳಬೇಕಾಗಿಯೇ ಬರಲಿಲ್ಲ. ಒಂದು ವಾರ ಬಿಟ್ಟು ಮನೆಗೆ ಬಂದಾಗ ಲೈನಿನ ಎರಡೂ ಬದಿಯ ಕಾಫಿ ಸಾಲುಗಳು ಇರಲಿಲ್ಲ. ಒಂದು ರೆಂಬೆ ಮುರಿಯಬಾರದೆಂದು ಜೀವಮಾನವೆಲ್ಲ ಏಣಿ ನಿಲ್ಲಿಸಿಕೊಂಡು ನಡೆದವರು ಎರಡು ಸಾಲು ಗಿಡವನ್ನು ಬುಡಸಮೇತ ಕಿತ್ತಿದ್ದರು.

“ಕಾಂಡಕೊರಕ ಬಿದ್ದಿತ್ತು” ಎಂದರು. ನಾನು ನಂಬಿದೆ. ರಾಶಿ ಹಾಕಿದ್ದ ಕಾಂಡಗಳಲ್ಲಿ ಒಂದು ತೂತೂ ಕಾಣದಿದ್ದಾಗಲೂ ನಂಬಿದೆ, ನಂಬುವುದು ನನಗೆ ಅನುಕೂಲವಾಗಿತ್ತು.

ಮುಂದಿನ ಕೊಯ್ಲಿನ ಮೊದಲ ದಿನ ಹೊಸ ಏಣಿ ಇಳಿಸಲು ನಾನೂ ಹಿತ್ತಲಿಗೆ ಹೋದೆ. ಗೋಡೆಗೆ ಎರಡು ಹೊಸ ಗೂಟ ಹೊಡೆದು ಏಣಿಯನ್ನು ಅದರ ಮೇಲೆ ಇಟ್ಟಿದ್ದರು. ಗೂಟಗಳಿಗೆ ಇನ್ನೂ ತೊಗಟೆ ಇತ್ತು. ಎರಡೂ ಕವಲಿನ ತುಂಡುಗಳು, ಸಿಲ್ವರ್ ಮರದವು.

ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. “ಏನು ಚಿಕ್ಕಪ್ಪಾ, ಗೂಟಕ್ಕೆ ಸಿಲ್ವರ್ ಮರ ಆಗುತ್ತಾ? ಮಳೆ ಹನಿ ಬೀಳೋ ಜಾಗ, ಎರಡು ವರ್ಷಕ್ಕೆ ಕೊಳೆಯುತ್ತೆ. ಹಲಸು ಸಿಗಲಿಲ್ವಾ?” ಮರದ ಆಯ್ಕೆಯಲ್ಲಿ ಅವರು ತಪ್ಪಿದ್ದನ್ನು ನಾನು ಅದೇ ಮೊದಲು ಕಂಡದ್ದು. ಒಳಗೊಳಗೇ ಖುಷಿಯೂ ಆಗಿತ್ತು.

ಚಿಕ್ಕಪ್ಪ ಗೂಟವನ್ನು ಅಂಗೈಯಿಂದ ಸವರಿದರು. “ಕರೆಂಟಿನೋರು ಬಂದು ಲೈನ್ ಹತ್ರದ ಕೊಂಬೆ ಕಡುದ್ರಲ್ಲ, ಆಗ ಕೇಳಿ ಈಸ್ಕಂಡೆ. ಆವತ್ತು ಏಣಿ ತಡೆದಿದ್ದು ಇದೇ ಕಣ್ ಮಗಾ. ತಂತಿಗೆ ಒಂದ್ ಗೇಣಿತ್ತು.”

ಆ ಒಂದು ಗೇಣನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ನಿನಗೆ ಗೊತ್ತಿತ್ತಾ?” ಎಂದೆ.

“ನಂಗೆ ಗೊತ್ತು ಅಂತ ಗೊತ್ತಾಗಿದ್ರೆ ನೀನು ಇನ್ನೊಂದು ಏಣಿ ಮಾಡ್ತಿದ್ಯಾ?” ಎಂದು ಏಣಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. “ಹಿಡ್ಕ. ಬಿಸ್ಲು ಏರ್ತದೆ.”

ಇಬ್ಬರೂ ಹೊತ್ತುಕೊಂಡು ಹೋದೆವು. ತೋಟದೊಳಗೆ ನಿಲ್ಲಿಸಿದೆವು, ಲೈನಿನ ಹತ್ತಿರ ಖಾಲಿ ಜಾಗದಲ್ಲಿ ಮಲಗಿಸಿದೆವು, ದಾಟಿದ ಮೇಲೆ ಮತ್ತೆ ನಿಲ್ಲಿಸಿದೆವು.

ಆ ಗೂಟಗಳು ಎರಡೇ ವರ್ಷದಲ್ಲಿ ಹೋಗಬೇಕಿತ್ತು, ಇನ್ನೂ ಇವೆ. ಪ್ರತಿ ವರ್ಷ ಮಳೆಗಾಲ ಶುರುವಾಗುವ ಮುಂಚೆ ಅವಕ್ಕೆ ಕೊಳೆಯದ ಹಾಗೆ ಗೇರೆಣ್ಣೆ ಹಚ್ಚುವುದು ನನ್ನ ಕೆಲಸ.